'ನಮ್ಮ ಶಾಲೆ' ಯಾರಿಗಾಗಿ?

ಪ್ರತಿವರ್ಷ ಶಾಲಾ ಪ್ರವೇಶದ ಕಾಲ ಸಮೀಪಿಸಿತೆಂದರೆ ಗೊಟ್ಟಿಗೆರೆಯಂಥ ನಗರದಂಚಿನ ಬಡಾವಣೆಗಳ ಕಥೋಲಿಕ ಕುಟುಂಬಗಳಲ್ಲಿ ಒಂದು ಬಗೆಯ ತಳಮಳ ಆರಂಭವಾಗುತ್ತದೆ. ಜ್ಞಾನಸ್ನಾನದ ಪ್ರಮಾಣಪತ್ರ ಬೇಕು, ಧರ್ಮಕೇಂದ್ರದ ಗುರುಗಳ ಶಿಫಾರಸು ಪತ್ರ ಬೇಕು, ಹೇಗಾದರೂ ಮಗುವಿಗೆ 'ನಮ್ಮ ಶಾಲೆ'ಯೊಂದರಲ್ಲಿ ಸ್ಥಾನ ದೊರೆಯಬೇಕು. ಬನ್ನೇರುಘಟ್ಟ ರಸ್ತೆಯ ಈ ತುದಿಯಿಂದ ನಗರದ ನಡುವಿನ ಮ್ಯೂಸಿಯಂ ರಸ್ತೆಯವರೆಗೆ ದಿನವೂ ಮಗುವನ್ನು ಕಳುಹಿಸಲು ಸಿದ್ಧರಾದ ತಂದೆತಾಯಿಯರಿದ್ದಾರೆ. ಅವರ ಆಸೆ ತಪ್ಪೆಂದು ನಾವು ಹೇಳಲಾರೆವು. ಆದರೆ 'ನಮ್ಮ' ಎಂಬ ಆ ಪದದ ವ್ಯಾಪ್ತಿ ಎಷ್ಟು ಎಂಬುದನ್ನು ಒಮ್ಮೆ ವಿಚಾರಿಸುವುದು ಒಳಿತು.

ಒಂದು ವಸ್ತುವನ್ನು ಚೆನ್ನಾಗಿ ಅರಿಯಬೇಕಾದರೆ ಅದನ್ನು ಮಾಡಿದವರಾರು ಎಂದು ತಿಳಿದರೆ ಸಾಲದು, ಅದು ಯಾವ ಉದ್ದೇಶಕ್ಕಾಗಿ ಇದೆ ಎಂಬುದನ್ನೂ ತಿಳಿಯಬೇಕೆಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಕಲಿಸಿದನು. ಶಾಲೆಗಳ ವಿಷಯದಲ್ಲಿ ನಾವು ಮೊದಲ ಪ್ರಶ್ನೆಯನ್ನು ಉತ್ಸಾಹದಿಂದ ಕೇಳುತ್ತೇವೆ, ಎರಡನೆಯದನ್ನು ಮರೆಯುತ್ತೇವೆ. ಬೆಂಗಳೂರಿನ ಸಂತ ಜೋಸೆಫರ ಪ್ರೌಢಶಾಲೆಗಳ ಇತಿಹಾಸ ಈ ಎರಡನೆಯ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1809ರಲ್ಲಿ ಬೆಂಗಳೂರಿನ ದಂಡುಪ್ರದೇಶ ಸ್ಥಾಪನೆಯಾದಂದಿನಿಂದ ಇಲ್ಲಿಗೆ ಬಂದ ಬ್ರಿಟಿಷ್ ಸೇನೆಯಲ್ಲಿ ಐರ್ಲೆಂಡಿನ ಕಥೋಲಿಕ ಸೈನಿಕರೂ ಇದ್ದರು. ಅವರ ಕುಟುಂಬಗಳ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳ ಮಕ್ಕಳಿಗೆ ವಿದ್ಯೆ ಬೇಕಾಗಿತ್ತು. ಆಗ ಮೈಸೂರು ಸೀಮೆಯ ಧರ್ಮಸಭೆಯ ಹೊಣೆ ಹೊತ್ತಿದ್ದವರು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು. ಅವರ ಬಿಷಪರಾದ ಶಾರ್ಬೊನೊ ಅವರ ಕಾಲದಲ್ಲಿ, 1854ರಲ್ಲಿ, ಗುಡ್ ಶೆಫರ್ಡ್ ಧರ್ಮಭಗಿನಿಯರು ಬೆಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ತೊಡಗಿದರು. 1858ರಲ್ಲಿ ಗಂಡುಮಕ್ಕಳಿಗಾಗಿ ಸಂತ ಜೋಸೆಫರ ಶಾಲೆ ಆರಂಭವಾಯಿತು. ಇದೇ ಬಿಷಪರು ರಚಿಸಿದ ಲ್ಯಾಟಿನ್-ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿಯೇ ಅಚ್ಚಾಯಿತೆಂಬುದನ್ನು ಕನ್ನಡ ಕಥೋಲಿಕರಾದ ನಾವು ಕೃತಜ್ಞತೆಯಿಂದ ನೆನೆಯಬೇಕು. ನಾಡಿನ ಜನರ ಭಾಷೆಯನ್ನು ಅಷ್ಟು ಶ್ರದ್ಧೆಯಿಂದ ಕಲಿತ ಗುರುಗಳ ಮಿಷನ್ನಿನಲ್ಲಿಯೇ, ದಂಡಿನ ಅಗತ್ಯಕ್ಕೆ ತಕ್ಕಂತೆ, ಇಂಗ್ಲಿಷ್ ಶಿಕ್ಷಣದ ಶಾಲೆಯೂ ಬೆಳೆಯಿತು.

1882ರಲ್ಲಿ ಸಂತ ಜೋಸೆಫರ ಕಾಲೇಜು ಸ್ಥಾಪನೆಯಾಯಿತು. ಈ ವೇಳೆಗೆ ನಾಡಿನ ಮಕ್ಕಳೂ ವಿದ್ಯೆಯನ್ನರಸಿ ಈ ಸಂಸ್ಥೆಗೆ ಬರುತ್ತಿದ್ದರು. ಆದರೆ ಅಂದಿನ ಸರಕಾರದ ವ್ಯವಸ್ಥೆಯಲ್ಲಿ ಯೂರೋಪಿಯನ್ ಶಾಲೆಗಳಿಗೆ ಒಂದು ನಿಯಮಾವಳಿ, ಭಾರತೀಯ ಶಾಲೆಗಳಿಗೆ ಇನ್ನೊಂದು. ಪಠ್ಯವೂ ಪರೀಕ್ಷೆಯೂ ಬೇರೆ ಬೇರೆ. ಕೊನೆಗೆ 1904ರಲ್ಲಿ ಭಾರತೀಯ ವಿಭಾಗವು ಸ್ವತಂತ್ರ ಶಾಲೆಯಾಯಿತು. ಒಂದು ಶಾಲೆ 'ಸೇಂಟ್ ಜೋಸೆಫ್ಸ್ ಯೂರೋಪಿಯನ್ ಹೈಸ್ಕೂಲ್', ಇನ್ನೊಂದು 'ಸೇಂಟ್ ಜೋಸೆಫ್ಸ್ ಇಂಡಿಯನ್ ಹೈಸ್ಕೂಲ್'. ಪಾಲಕ ಸಂತರು ಒಬ್ಬರೇ, ನಡೆಸುವ ಗುರುಗಳು ಒಂದೇ ಸಂಸ್ಥೆಯವರು, ಆದರೆ ಮಗು ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂಬುದನ್ನು ಬಹುಮಟ್ಟಿಗೆ ಅದರ ಹುಟ್ಟು ನಿರ್ಧರಿಸುತ್ತಿತ್ತು. ಆ ಗುರುಗಳನ್ನು ಇಂದು ನಾವು ದೂಷಿಸಬೇಕಾಗಿಲ್ಲ. ಅವರು ತಮ್ಮ ಕಾಲದ ಕಟ್ಟಳೆಗಳೊಳಗೆ ಅನೇಕ ಮಕ್ಕಳಿಗೆ ವಿದ್ಯೆಯ ದಾರಿ ತೆರೆದರು. ಆದರೂ ಕ್ರಿಸ್ತರ ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆಯೂ ತನ್ನ ಕಾಲದ ತಾರತಮ್ಯವನ್ನು ತಿಳಿದೋ ತಿಳಿಯದೆಯೋ ಒಳಗೆ ಬಿಟ್ಟುಕೊಳ್ಳಬಲ್ಲದೆಂಬ ಪಾಠ ಇಲ್ಲಿದೆ.

1937ರಲ್ಲಿ ಈ ಸಂಸ್ಥೆಗಳ ಆಡಳಿತ ಯೇಸುಸಭೆಯ ಗುರುಗಳಿಗೆ ಬಂದಿತು. ಹತ್ತು ವರ್ಷಗಳಲ್ಲಿ ದೇಶ ಸ್ವತಂತ್ರವಾಯಿತು. 1949ರಲ್ಲಿ ನಗರ ಮತ್ತು ದಂಡು ಒಂದೇ ನಗರಪಾಲಿಕೆಯ ಅಡಿಯಲ್ಲಿ ಸೇರಿದವು. ಕಾಲಾಂತರದಲ್ಲಿ 'ಯೂರೋಪಿಯನ್' ಎಂಬ ಪದ ಅಳಿದು ಮ್ಯೂಸಿಯಂ ರಸ್ತೆಯ ಶಾಲೆ 'ಬಾಯ್ಸ್ ಹೈಸ್ಕೂಲ್' ಆಯಿತು. ಕ್ರಿಕೆಟ್ ಆಟಗಾರ ರಾಹುಲ್ ದ್ರಾವಿಡ್ ಕಲಿತದ್ದು ಅಲ್ಲಿಯೇ. ವಿಠ್ಠಲ್ ಮಲ್ಯ ರಸ್ತೆಯ ಶಾಲೆಯಾದರೋ 'ಇಂಡಿಯನ್' ಎಂಬ ಪದವನ್ನು ಇಂದಿಗೂ ಉಳಿಸಿಕೊಂಡಿದೆ. ಒಮ್ಮೆ ಬೇರ್ಪಡಿಸುವುದಕ್ಕಾಗಿ ಇಟ್ಟ ಹೆಸರು ಈಗ ಹೆಮ್ಮೆಯ ಹೆಸರಾಗಿದೆ. 1882ರ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಗಿ ಉದ್ಘಾಟನೆಗೊಂಡಿತು.

ಹುಟ್ಟಿನ ಗೋಡೆ ಹೀಗೆ ಬಿದ್ದಿತು. ಆದರೆ ನಮ್ಮ ಕಾಲದಲ್ಲಿ ಏಳುತ್ತಿರುವ ಗೋಡೆ ಶುಲ್ಕದ್ದು. ಇದು ಯಾವುದೋ ಒಂದು ಶಾಲೆಯನ್ನು ಕುರಿತ ಮಾತಲ್ಲ. ನಗರದಲ್ಲಿ ಶಿಕ್ಷಣದ ವೆಚ್ಚ ಏರಿದಂತೆ ಎಲ್ಲ ಕ್ರೈಸ್ತ ಶಾಲೆಗಳೂ ಎದುರಿಸಲೇಬೇಕಾದ ಪ್ರಶ್ನೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆಯಲ್ಲಿ, ಕಥೋಲಿಕ ಶಾಲೆಗಳು ಬಡವರನ್ನೂ ಕುಟುಂಬದ ಆಸರೆಯಿಲ್ಲದವರನ್ನೂ ವಿಶೇಷವಾಗಿ ಗಮನಿಸಬೇಕೆಂದು ಕೋರಿತು. 1973ರಲ್ಲಿ ಯೇಸುಸಭೆಯ ಮಹಾಗುರು ಪೆದ್ರೋ ಅರುಪೆಯವರು ಸ್ಪೇನ್ ದೇಶದ ವಾಲೆನ್ಸಿಯಾದಲ್ಲಿ ಹಳೆಯ ವಿದ್ಯಾರ್ಥಿಗಳನ್ನು ಉದ್ದೇಶಿಸಿ, ಇತರರಿಗಾಗಿ ಬಾಳುವವರನ್ನು ರೂಪಿಸುವುದೇ ತಮ್ಮ ಶಿಕ್ಷಣದ ಗುರಿಯೆಂದು ಸಾರಿದರು.

2009ರ ಶಿಕ್ಷಣ ಹಕ್ಕು ಕಾಯ್ದೆಯು ಖಾಸಗಿ ಶಾಲೆಗಳು ಪ್ರವೇಶ ತರಗತಿಯ ಕನಿಷ್ಠ ಶೇ. 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ನೀಡಬೇಕೆಂದು ವಿಧಿಸಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ 30ನೆಯ ವಿಧಿಯ ಹಕ್ಕನ್ನು ಎತ್ತಿಹಿಡಿದು, ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು ತೀರ್ಪಿತ್ತಿತು. ಆ ಹಕ್ಕು ಅಮೂಲ್ಯವಾದುದು. ಆದರೆ ಕಾಯ್ದೆಯ ಬಲವಂತದಿಂದ ಬಿಡುಗಡೆಯಾದವರಿಗೆ ಶುಭಸಂದೇಶದ ಕರೆಯಿಂದಲೂ ಬಿಡುಗಡೆ ದೊರೆಯಿತೆಂದು ಅರ್ಥವೇ? ಇತರರು ಕಾನೂನಿಗೆ ಅಂಜಿ ಮಾಡುವುದನ್ನು ನಾವು ಪ್ರೀತಿಯಿಂದ ಮಾಡಬೇಕಲ್ಲವೇ?

ಸಂತ ಜೋಸೆಫರು ಬಡಗಿ. ಇಂದು ಅವರ ಹೆಸರನ್ನು ಹೊತ್ತ ಎಷ್ಟೋ ಶಾಲೆಗಳು ನಾಡಿನಲ್ಲಿವೆ. ನಮ್ಮ ಬಡಾವಣೆಗಳಲ್ಲಿ ಹೊಸ ಮನೆಗಳಿಗೆ ಬಾಗಿಲು ಕೂಡಿಸುವ ಬಡಗಿಯ ಮಗನಿಗೆ ಅವುಗಳಲ್ಲಿ ಸ್ಥಾನವಿರಬೇಕು.

ಇದು ಶಾಲೆ ನಡೆಸುವವರ ಹೊಣೆ ಮಾತ್ರವಲ್ಲ. ಶಿಫಾರಸು ಪತ್ರ ಪಡೆದು ತಮ್ಮ ಮಗುವನ್ನು ಸೇರಿಸಿದ ನಾಲ್ಕೈದು ಕುಟುಂಬಗಳು ಒಟ್ಟುಗೂಡಿ ಇನ್ನೊಂದು ಬಡ ಮಗುವಿನ ಶುಲ್ಕವನ್ನು ಹೊರಬಹುದು. ಈ ಶಾಲೆಗಳಲ್ಲಿ ಕಲಿತು ಉನ್ನತ ಸ್ಥಾನಕ್ಕೇರಿದವರು ತಮ್ಮ ಧರ್ಮಕೇಂದ್ರದಲ್ಲಿಯೇ ಒಂದು ವಿದ್ಯಾನಿಧಿಯನ್ನು ಆರಂಭಿಸಬಹುದು. ಇಂಥ ಮಕ್ಕಳಿಗೆ ಸಂಜೆಯ ವೇಳೆ ಪಾಠ ಹೇಳಿಕೊಡಲು ನಿವೃತ್ತ ಶಿಕ್ಷಕರು ಮುಂದೆ ಬರಬಹುದು. ಹೀಗೆ ಮಾಡಿದಾಗ 'ನಮ್ಮ ಶಾಲೆ' ಎಂದು ಹೇಳುವ ಅಧಿಕಾರ ನಮಗೆ ನಿಜವಾಗಿಯೂ ಬರುತ್ತದೆ.