ದಿಂಡಿಗಲ್ಲಿನ ಹೊರವಲಯ: ನೆಲದ ಬೆಲೆ, ನೆಲದಡಿಯ ನೀರು

ತಮಿಳುನಾಡಿನ ದಿಂಡಿಗಲ್ 2014ರಲ್ಲಿ ಮಹಾನಗರಪಾಲಿಕೆಯಾಯಿತಾದರೂ ಹಳೆಯ ನಗರಸಭೆಯ ವಿಸ್ತೀರ್ಣ ಸುಮಾರು 14 ಚದರ ಕಿಲೋಮೀಟರಷ್ಟೇ ಇದ್ದು, 2011ರ ಜನಗಣತಿಯ ವೇಳೆಗೇ ಅಲ್ಲಿನ ಜನಸಂಖ್ಯೆ ಎರಡು ಲಕ್ಷ ದಾಟಿದ್ದರಿಂದ, ಸ್ವಂತ ಮನೆ ಕಟ್ಟಬಯಸುವ ಸಾಧಾರಣ ಆದಾಯದ ಕುಟುಂಬಗಳು ಸೀಲಪಾಡಿ, ಚೆಟ್ಟಿನಾಯಕನ್‌ಪಟ್ಟಿ, ಬಾಲಕೃಷ್ಣಾಪುರಂ ಮೊದಲಾದ ಅಂಚಿನ ಊರುಗಳತ್ತ ನೋಡುವುದು ಸಹಜವಾಗಿದೆ. ಮದುರೆ, ತಿರುಚ್ಚಿ, ಕರೂರು, ಪಳನಿಗಳ ಕಡೆಗೆ ರೈಲುಮಾರ್ಗ ಕವಲೊಡೆಯುವ ಜಂಕ್ಷನ್ ಇಲ್ಲಿದ್ದು, ತೇನಿ ಹಾಗೂ ಕಂಬಂ ಕಣಿವೆಗೆ ಹೋಗುವ ಹೆದ್ದಾರಿಯೂ ಇಲ್ಲಿಂದಲೇ ಹೊರಡುತ್ತದೆ.

ಆದರೆ ಇಲ್ಲಿ ಬೆಲೆಗಿಂತ ಮೊದಲು ವಿಚಾರಿಸಬೇಕಾದದ್ದು ನೀರನ್ನು. ದಿಂಡಿಗಲ್ಲಿನ ಸುತ್ತ ದಶಕಗಳಿಂದ ನಡೆದಿರುವ ಚರ್ಮ ಹದಗೊಳಿಸುವ ಕಾರ್ಖಾನೆಗಳ ತ್ಯಾಜ್ಯವು ಕೊಡಗನಾರ್ ನದಿಯ ಮೇಲ್ಕಣಿವೆಯ ಅಂತರ್ಜಲಕ್ಕೆ ಇಳಿದಿದ್ದು, ಚರ್ಮೋದ್ಯಮದ ಮಾಲಿನ್ಯದ ಬಗ್ಗೆ ಸುಪ್ರೀಂ ಕೋರ್ಟು 1996ರ ಆಗಸ್ಟಿನಲ್ಲಿ ನೀಡಿದ ಪ್ರಸಿದ್ಧ ವೆಲ್ಲೂರು ತೀರ್ಪಿನಲ್ಲಿ ಹೆಸರಿಸಲಾದ ಐದು ಜಿಲ್ಲೆಗಳಲ್ಲಿ ದಿಂಡಿಗಲ್ಲೂ ಒಂದು. ಇಂಥ ಪ್ರದೇಶದಲ್ಲಿ ಅಗ್ಗವಾಗಿ ಸಿಗುವ ನಿವೇಶನದ ನಿಜವಾದ ಬೆಲೆಯನ್ನು ಖರೀದಿದಾರರು ಮುಂದೆ ನೀರಿನ ಟ್ಯಾಂಕರಿಗೋ ಶುದ್ಧೀಕರಣ ಯಂತ್ರಕ್ಕೋ ತೆರಬೇಕಾಗುತ್ತದೆ. ಆದ್ದರಿಂದ ನೆರೆಮನೆಯ ಕೊಳವೆಬಾವಿಯ ನೀರನ್ನು ಬೇಸಿಗೆಯಲ್ಲಿ ಪ್ರಯೋಗಾಲಯಕ್ಕೆ ಕೊಟ್ಟು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಾದಿಗಳ ಒಟ್ಟು ಪ್ರಮಾಣ, ಎಷ್ಟಿದೆಯೆಂದು ತಿಳಿಯುವುದು ಅವಶ್ಯಕ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 500 ಮಿಲಿಗ್ರಾಮಿನೊಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ ಮಾತ್ರ 2000ದವರೆಗೆ ಸಹ್ಯ. ನಗರಕ್ಕೆ ಆತ್ತೂರಿನ ಕಾಮರಾಜ ಜಲಾಶಯ, ವೈಗೈ ನದಿಯ ಪೇರಣೈ ಮತ್ತು ಕಾವೇರಿ ಯೋಜನೆಗಳಿಂದ ನೀರು ಬರುತ್ತದೆಯಾದರೂ, ಅಂಚಿನ ಬಡಾವಣೆಯ ಬೀದಿಗೆ ಆ ಕೊಳವೆ ಬಂದಿದೆಯೇ ಎಂಬುದು ಬೇರೆಯೇ ಪ್ರಶ್ನೆ.

ಕನ್ನಡಿಗ ಓದುಗರಿಗೆ ವಿಶೇಷವಾಗಿ ಪರಿಶೀಲನಾರ್ಹವಾದ ಊರು ಮದುರೆ ರಸ್ತೆಯಲ್ಲಿರುವ ಚಿನ್ನಾಳಪಟ್ಟಿ. ಕನ್ನಡ ಮನೆಮಾತಿನ ದೇವಾಂಗ ನೇಕಾರರು ತಲೆಮಾರುಗಳಿಂದ ನೆಲೆಸಿರುವ, ಸುಂಗುಡಿ ಸೀರೆಗಳಿಗೆ ಹೆಸರಾದ ಈ ಪಟ್ಟಣದ ಪಕ್ಕದಲ್ಲೇ 1947ರಲ್ಲಿ ಸ್ಥಾಪನೆಯಾದ ಗಾಂಧಿಗ್ರಾಮವೂ ಅಂಬಾತುರೈ ರೈಲು ನಿಲ್ದಾಣವೂ ಇದ್ದು, ಶಾಲೆ, ಆಸ್ಪತ್ರೆ, ಪೇಟೆಗಳು ಈಗಾಗಲೇ ಕೈಗೆಟುಕುವಂತಿವೆ. ಬೆಳೆಯುವ ಭರವಸೆಯ ಮೇಲಷ್ಟೇ ಮಾರಾಟವಾಗುವ ಬಯಲಿಗಿಂತ ಇಂಥ ನೆಲೆಗೊಂಡ ಊರಿನ ಅಂಚು ಹೆಚ್ಚು ಸುರಕ್ಷಿತವೆನ್ನಬೇಕು.

ದಾಖಲೆಗಳ ವಿಷಯದಲ್ಲಿ, ಕೃಷಿಭೂಮಿಯನ್ನು ಅನುಮೋದನೆಯಿಲ್ಲದೆ ತುಂಡರಿಸಿ ಮಾರುವ ಪದ್ಧತಿಗೆ ಮದ್ರಾಸ್ ಹೈಕೋರ್ಟು 2016ರಲ್ಲಿ ತಡೆಯೊಡ್ಡಿದ ಬಳಿಕ, ಯೋಜನಾ ನಿರ್ದೇಶನಾಲಯದ (ಡಿಟಿಸಿಪಿ) ಅನುಮೋದನೆಯನ್ನೋ 2017ರ ನಿಯಮಗಳಡಿ ಪಡೆದ ಸಕ್ರಮಪತ್ರವನ್ನೋ ನೋಡದೆ ಮುಂಗಡ ಕೊಡುವುದು ಅಪಾಯಕರ. ಕರ್ನಾಟಕದ ಪಹಣಿಯಂತೆ ಅಲ್ಲಿ ಭೂಮಿಯ ಹಕ್ಕನ್ನು ತೋರಿಸುವುದು ಪಟ್ಟಾ. ಸಾಲ, ಪರಭಾರೆಗಳನ್ನು ತಿಳಿಸುವ ಋಣಭಾರ ಪತ್ರಕ್ಕೆ ಅಲ್ಲಿನವರು ವಿಲ್ಲಂಗ ಸಾನ್ರಿದಳ್ ಎನ್ನುತ್ತಾರೆ. 500 ಚದರ ಮೀಟರಿಗಿಂತ ದೊಡ್ಡದಾದ ಹೊಸ ಬಡಾವಣೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಇರಬೇಕಾದದ್ದು ಕಾನೂನು. ಇವೆಲ್ಲದರ ಮೇಲೆ ಮುದ್ರಾಂಕ ಶುಲ್ಕ ಶೇಕಡಾ 7 ಮತ್ತು 2023ರಲ್ಲಿ 4ರಿಂದ 2ಕ್ಕಿಳಿದ ನೋಂದಣಿ ಶುಲ್ಕ ಸೇರುವುದರಿಂದ, ನಿವೇಶನದ ಬಜೆಟ್ಟಿನಲ್ಲಿ ಆ ಮೊತ್ತವನ್ನು ಮೊದಲೇ ತೆಗೆದಿಡಬೇಕಾಗುತ್ತದೆ.