ಗಾಜಿನಲ್ಲಿ ಕದಲದ ಚುಕ್ಕೆ

ಅಷ್ಟು ದೊಡ್ಡ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆಯುವುದಾದರೂ ಹೇಗೆ? ಓದುಗರು ಆಗಾಗ ಕೇಳುವ ಪ್ರಶ್ನೆ. ಆಕಾಶ ದೊಡ್ಡದು, ನಿಜ, ರನ್‌ವೇ ಚಿಕ್ಕದು. ಎತ್ತಲಿಂದ ಬಂದರೂ ಇಳಿಯಲು ಎಲ್ಲರೂ ಅದೇ ಗೆರೆಗೆ ಬಂದು ಸೇರಬೇಕು.

1978ರ ಸೆಪ್ಟೆಂಬರ್ 25ರ ಬೆಳಿಗ್ಗೆ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಆಕಾಶ ತಿಳಿಯಾಗಿತ್ತು. ಇಳಿಯಲು ಬರುತ್ತಿದ್ದ ಬೋಯಿಂಗ್ 727ರ ಪೈಲಟ್‌ಗಳಿಗೆ ಮುಂದೊಂದು ಪುಟ್ಟ ಸೆಸ್ನಾ ವಿಮಾನ ಇದೆಯೆಂದು ಕಂಟ್ರೋಲರ್ ತಿಳಿಸಿದ್ದರು. ಕಾಣಿಸಿತೆಂದು ಅವರೂ ಉತ್ತರಿಸಿದ್ದರು. ಆಮೇಲೆ ಅದು ಕಣ್ತಪ್ಪಿತು, ದಾಟಿಹೋಯಿತೆಂದೇ ಭಾವಿಸಿದರು. ಅದು ಜೆಟ್‌ನ ಮೂಗಿನ ಕೆಳಗೇ ಇತ್ತು. ಸೆಸ್ನಾದ ರೆಕ್ಕೆ ಇರುವುದು ಪೈಲಟ್‌ನ ತಲೆಯ ಮೇಲೆ. ಹಿಂದಿನಿಂದ, ಮೇಲಿನಿಂದ ಇಳಿದುಬರುವುದು ಅದರೊಳಗಿದ್ದವರಿಗೆ ಕಾಣುವುದೆಂತು? ಡಿಕ್ಕಿಯಲ್ಲಿ ಸತ್ತವರು 144 ಮಂದಿ, ನೆಲದ ಮೇಲಿದ್ದ ಏಳು ಜನರೂ ಸೇರಿ.

ಹಣೆಬರಹದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವವರು ಹೈಸ್ಕೂಲಿನ ರೇಖಾಗಣಿತವನ್ನು ಒಮ್ಮೆ ನೆನೆಯಬೇಕು. ಎರಡು ವಿಮಾನಗಳು ದಿಕ್ಕು, ವೇಗ ಬದಲಿಸದೆ ಡಿಕ್ಕಿಯ ಬಿಂದುವಿನತ್ತ ಸಾಗುತ್ತಿದ್ದರೆ, ಒಂದರ ಮುಂಗಾಜಿನಲ್ಲಿ ಇನ್ನೊಂದು ಕದಲುವುದೇ ಇಲ್ಲ. ಗಾಜಿಗಂಟಿದ ಸತ್ತ ಸೊಳ್ಳೆಯಂತೆ ಇದ್ದಲ್ಲೇ ಇರುತ್ತದೆ! ಕಣ್ಣಂಚು ಚುರುಕಾಗಿ ಹಿಡಿಯುವುದು ಚಲಿಸುವುದನ್ನು. ಹಾಗಾಗಿ ಪಕ್ಕಕ್ಕೆ ಸರಿದುಹೋಗುವ ನಿರಪಾಯದ ವಿಮಾನ ಬೇಗ ಕಾಣುತ್ತದೆ, ಕೊಲ್ಲಲು ಬರುವುದು ಕಾಣುವುದಿಲ್ಲ. ದೂರ ಅರ್ಧವಾದಾಗಲೆಲ್ಲ ಅದರ ಗಾತ್ರ ಇಮ್ಮಡಿ. ಬಹಳ ಹೊತ್ತು ಬರೀ ಚುಕ್ಕೆ, ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಗಾಜಿನ ತುಂಬ ಅದೇ. ಅಮೆರಿಕದ ವಿಮಾನಯಾನ ಆಡಳಿತದ ಲೆಕ್ಕದಲ್ಲಿ, ಕಂಡದ್ದನ್ನು ಗುರುತಿಸಿ, ನಿರ್ಧರಿಸಿ, ವಿಮಾನ ಹೊರಳುವಷ್ಟರಲ್ಲಿ 12.5 ಸೆಕೆಂಡು ಕಳೆದಿರುತ್ತದೆ. ಇದರಲ್ಲಿ 5 ಸೆಕೆಂಡು, ‘ಇದು ನಮ್ಮ ಮೇಲೇ ಬರುತ್ತಿದೆ’ ಎಂದು ಅರಿವಾಗುವುದಕ್ಕೇ!

ಅದಕ್ಕೇ ಪೈಲಟ್‌ಗಳಿಗೆ ಆಕಾಶವನ್ನು ಹತ್ತು ಹತ್ತು ಡಿಗ್ರಿಯ ತುಂಡು ಮಾಡಿಕೊಂಡು, ಒಂದೊಂದರಲ್ಲೂ ಕನಿಷ್ಠ ಒಂದು ಸೆಕೆಂಡು ಕಣ್ಣು ನೆಟ್ಟು ನೋಡಲು ಕಲಿಸುತ್ತಾರೆ. ಕಿಟಕಿಯ ಕಂಬಿ ಅಡ್ಡ ಬಂದರೆ ತಲೆ ಸರಿಸಬೇಕು. ಸೆಸ್ನಾದಂತೆ ರೆಕ್ಕೆ ತಲೆಯ ಮೇಲಿದ್ದರೆ, ತಿರುಗುವ ಮೊದಲು ಅದನ್ನು ಎತ್ತಿ ಇಣುಕಬೇಕು.

ಡಿಕ್ಕಿ ತಪ್ಪಿಸಲು ಎಚ್ಚರಿಸುವ ಟಿಕ್ಯಾಸ್ ಯಂತ್ರ ಇದೆಯಲ್ಲ ಎನ್ನಬಹುದು. ಇದೆ, 1996ರಲ್ಲಿ ಚರ್ಖಿ ದಾದ್ರಿಯ ಡಿಕ್ಕಿಗೆ 349 ಜನ ಬಲಿಯಾದ ಮೇಲೆ ಭಾರತ ಅದನ್ನು ಕಡ್ಡಾಯ ಮಾಡಿತು. ಆದರೆ ನೆಲದಿಂದ ಸುಮಾರು 1,000 ಅಡಿಯೊಳಗೆ ಅದು ‘ಏರು’, ‘ಇಳಿ’ ಎಂಬ ಆದೇಶ ಕೊಡುವುದಿಲ್ಲ. ಸಣ್ಣ ವಿಮಾನಗಳು ಇಳಿಯುವ ಮುನ್ನ ಸುತ್ತು ಹಾಕುವ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ. ಇನ್ನು 2022ರ ಜನವರಿ 7ರಂದು ಬೆಂಗಳೂರಿನ ಜೋಡಿ ರನ್‌ವೇಗಳಿಂದ ಕೋಲ್ಕತ್ತ ಮತ್ತು ಭುವನೇಶ್ವರದ ವಿಮಾನಗಳು ಒಟ್ಟೊಟ್ಟಿಗೆ ಮೇಲೆದ್ದು ಒಂದರತ್ತ ಒಂದು ಸಾಗಿದಾಗ, ಅವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದು ರೇಡಾರ್ ಮುಂದೆ ಕೂತಿದ್ದ ಕಂಟ್ರೋಲರ್.