ಟಾಮಿಗೆ ಮಂಡಿ ನೋವು, ಯಜಮಾನರ ಜೇಬಿಗೆ ಕತ್ತರಿ!

ಬೆಂಗಳೂರು: ಮಂಡಿ ನೋವು ಮನುಷ್ಯರಿಗೆ ಮಾತ್ರ ಅಂದುಕೊಂಡಿದ್ದವರು ಇಂದಿರಾನಗರದ ಯಾವುದಾದರೂ ಪೆಟ್ ಶಾಪಿಗೆ ಒಮ್ಮೆ ಹೊಕ್ಕು ಬರಬೇಕು. ನಾಯಿಯ ಕೀಲುನೋವಿಗೆ ಅಂತಲೇ ಸಾಲು ಸಾಲು ಡಬ್ಬಿ, ಬಾಟಲಿ, ಪುಡಿ. ದರ ಐನೂರರ ಆಸುಪಾಸಿನಿಂದ ಶುರು. ಫಾರಿನ್ ಮಾಲಾದರೆ ಕೇಳಲೇಬೇಡಿ.

ಮರ್ಫಿ ಟೌನಿನಲ್ಲೊಂದು ಮನೆ, ಅಲ್ಲೊಂದು ಹತ್ತು ವರ್ಷದ ಲ್ಯಾಬ್ರಡಾರ್, ತೂಕ 30 ಕೆಜಿ ಎಂದು ಇಟ್ಟುಕೊಳ್ಳಿ. ಬೆಳಗ್ಗೆ ಎದ್ದೇಳಲು ಪರದಾಟ. ಮೆಟ್ಟಿಲು ಕಂಡರೆ ನಿಂತುಬಿಡುತ್ತದೆ. ಮನೆಯವರು ಡಬ್ಬಿ ತಂದರು: ಗುಳಿಗೆ 30, ಬೆಲೆ 600. 'ತಿಂಗಳಿಗೆ ಆರುನೂರು ತಾನೇ' ಅಂದುಕೊಂಡರೆ ಲೆಕ್ಕ ತಪ್ಪಿತು. ಡಬ್ಬಿ ತಿರುಗಿಸಿ ಓದಿದರೆ ದೊಡ್ಡ ನಾಯಿಗೆ ದಿನಕ್ಕೆ ಎರಡು ಅಂತಿದೆ! ಹದಿನೈದು ದಿನಕ್ಕೆ ಡಬ್ಬಿ ಖಾಲಿ. ತಿಂಗಳಿಗೆ 1,200, ವರ್ಷಕ್ಕೆ 14,400. ಐದು ದಿನ ನುಂಗಿಸಿ ಬಿಡೋದಕ್ಕೆ ಇದೇನು ಜ್ವರವಲ್ಲ. ಸವೆದ ಕೀಲು ಮತ್ತೆ ಹೊಸದಾಗೋದಿಲ್ಲ. ನಾಯಿ ಇರುವಷ್ಟು ದಿನವೂ ಖರ್ಚು ಇದ್ದದ್ದೇ.

ಡಬ್ಬಿಯೊಳಗೆ ಏನಿದೆ?

ಹೆಚ್ಚಿನವುಗಳಲ್ಲಿ ಇರೋದು ಎರಡು ವಸ್ತು: ಗ್ಲುಕೋಸಮಿನ್ ಮತ್ತು ಕಾಂಡ್ರಾಯಿಟಿನ್. ಮೊದಲನೆಯದನ್ನು ತೆಗೆಯೋದು ಸಾಮಾನ್ಯವಾಗಿ ಸಿಗಡಿ, ಏಡಿಯ ಚಿಪ್ಪಿನಿಂದ. ರಸೆಲ್ ಮಾರ್ಕೆಟ್ಟಿನಲ್ಲಿ ಮೀನು ಅಂಗಡಿಯವರು ಗುಡಿಸಿ ಬಿಸಾಕುತ್ತಾರಲ್ಲ, ಅದೇ ಜಾತಿಯ ಚಿಪ್ಪು. ಎರಡನೆಯದು ದನ ಮೊದಲಾದ ಪ್ರಾಣಿಗಳ ಮೃದು ಎಲುಬಿನದು. ಇವು ಔಷಧಿಯ ಲೆಕ್ಕಕ್ಕೆ ಬರೋದಿಲ್ಲ, ಪೂರಕ ಆಹಾರದ ಲೆಕ್ಕ. 'ಔಷಧೀಯ ಬಳಕೆಗಲ್ಲ' ಎಂಬ ಸಾಲು ಹಲವು ಡಬ್ಬಿಗಳ ಮೇಲೆ ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಎದುರು ಮಾತ್ರ ಓಡುವ ನಾಯಿಯ ಬಣ್ಣದ ಚಿತ್ರ!

ಗುಣ ಉಂಟಾ? ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ನಾಯಿ, ಬೆಕ್ಕುಗಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ 2022ರಲ್ಲಿ ವರದಿ ಪ್ರಕಟಿಸಿದರು. ನೋವು ಇಳಿಸಲು ಗ್ಲುಕೋಸಮಿನ್-ಕಾಂಡ್ರಾಯಿಟಿನ್ ಜೋಡಿಯನ್ನು ಇನ್ನು ಶಿಫಾರಸು ಮಾಡಬಾರದು ಅಂತಲೇ ಅದರಲ್ಲಿ ಬರೆದಿದೆ. ಮೀನೆಣ್ಣೆಯ ಒಮೆಗಾ-3ಕ್ಕೆ ಒಳ್ಳೆಯ ಮಾರ್ಕು ಸಿಕ್ಕಿದೆ. ಅಂದರೆ ಮರ್ಫಿ ಟೌನಿನ 14,400 ರೂಪಾಯಿ ಹೋದದ್ದು ಬಹುಪಾಲು ಮನಸ್ಸಿನ ಸಮಾಧಾನಕ್ಕೆ.

ಹಣ ಹೋದರೆ ಹೋಗಲಿ ಅನ್ನಬಹುದು. ಆದರೆ ಡಬ್ಬಿಗೆ ದುಡ್ಡು ಸುರಿದವರು ಡಾಕ್ಟರ ಹತ್ತಿರ ಹೋಗೋದನ್ನು ಮುಂದೂಡುತ್ತಾರೆ, ನಾಯಿ ನೋವು ತಿನ್ನುತ್ತಲೇ ಇರುತ್ತದೆ. ರಾತ್ರಿ ಕುಂಯ್ ಕುಂಯ್ ಕೇಳಲಾರದೆ ಮನೆಯಲ್ಲಿರೋ ಮಾತ್ರೆಯನ್ನೇ ಅರ್ಧ ಮುರಿದು ಅನ್ನದಲ್ಲಿ ಕಲಸಿ ಕೊಟ್ಟುಬಿಡುತ್ತಾರೆ. ಅಪಾಯ ಇರೋದೇ ಇಲ್ಲಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಕಾರಿಸಬಲ್ಲವು, ಮೂತ್ರಪಿಂಡ ಕೆಡಿಸಬಲ್ಲವು. ಇದೇ ಡೈಕ್ಲೋಫೆನಾಕ್ ಕೊಟ್ಟಿದ್ದ ದನಗಳ ಹೆಣ ತಿಂದು ದೇಶದ ರಣಹದ್ದುಗಳು ನಿರ್ನಾಮವಾಗುವ ಸ್ಥಿತಿ ಬಂದಿತ್ತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಪಕ್ಕದ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಹದ್ದುಗಳಿಗಾಗಿ 2012ರಲ್ಲಿ ವನ್ಯಧಾಮ ಮಾಡಬೇಕಾಯಿತು.

ನಾಯಿಗೆ ಡಾಕ್ಟರು ಹೆಚ್ಚಾಗಿ ಬರೆಯೋದು ಮೆಲಾಕ್ಸಿಕಾಮ್. ಅದೂ ಕಿಡ್ನಿ, ಲಿವರ್ ನೋಡಲು ರಕ್ತ ಪರೀಕ್ಷೆ ಮಾಡಿಸಿದ ಮೇಲೆ. ಹೆಸರು ತಿಳಿಯಿತಲ್ಲ ಅಂತ ಮೆಡಿಕಲ್ ಸ್ಟೋರಿಗೆ ಓಡಬೇಡಿ ಸ್ವಾಮಿ. ಮನುಷ್ಯರ ಗುಳಿಗೆ 7.5 ಇಲ್ಲವೇ 15 ಮಿಲಿಗ್ರಾಂ. 30 ಕೆಜಿ ನಾಯಿಗೆ ದಿನಕ್ಕೆ ಬೇಕಾಗೋದು ಸುಮಾರು 3.

ಡಾಕ್ಟರು ಅಂದರೆ ಖಾಸಗಿ ಕ್ಲಿನಿಕ್ಕೇ ಆಗಬೇಕೆಂದಿಲ್ಲ. ಶಿವಾಜಿನಗರಕ್ಕೆ ಅಂಟಿದಂತೆ ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯ ಕಾಲೇಜು ಇದೆ. ಚೀಟಿ ದುಡ್ಡಿಗಿಂತ ದಾರಿ ಖರ್ಚೇ ದೊಡ್ಡದು. ಆಗಸ್ಟ್ 2025ರ ದರದಂತೆ ಆಟೋಗೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಹತ್ತು ಕಿಲೋಮೀಟರ್ ಹೋಗಲು ಮೀಟರಿನಲ್ಲಿ 180. ಆದರೆ ಕುಂಟುವ ನಾಯಿಯನ್ನು ಎತ್ತಿ ಕೂರಿಸಿದರೆ ಮೀಟರ್ ಹಾಕುವ ಪುಣ್ಯಾತ್ಮ ಸಿಗಬೇಕಲ್ಲ!

ಮೀನೆಣ್ಣೆಯ ಲೆಕ್ಕದಲ್ಲೂ ಒಂದು ಮರ್ಮ ಇದೆ. '1,000 ಮಿಲಿಗ್ರಾಂ' ಅಂತ ದಪ್ಪಕ್ಷರದಲ್ಲಿ ಇರುವ ಮಾಮೂಲಿ ಕ್ಯಾಪ್ಸೂಲಿನಲ್ಲಿ ಕೆಲಸಕ್ಕೆ ಬರುವ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಾತ್ರ. ಡಾಕ್ಟರು 1,500 ಬರೆದರೆ ದಿನಕ್ಕೆ ಐದು ಬೇಕು. ಆದ್ದರಿಂದ ಡಬ್ಬಿಯ ಬೆಲೆ ನೋಡದೆ ಈ ಎರಡರ ಮೊತ್ತ ನೋಡಿ ಹೋಲಿಸಬೇಕು. ಕಾಡ್ ಲಿವರ್ ಎಣ್ಣೆ ಬೇರೆ. ಅದರಲ್ಲಿ ಎ, ಡಿ ವಿಟಮಿನ್ ಇರೋದರಿಂದ ಅತಿಯಾದರೆ ವಿಷ. ಬೂತಾಯಿ ಮೀನು ಸಿಕ್ಕಿದಾಗ ಉಪ್ಪು, ಖಾರ ಹಾಕದೆ ಬೇಯಿಸಿ, ಮುಳ್ಳು ತೆಗೆದು ಹಾಕಿದರೆ ಒಳ್ಳೆಯದೇ. ಆದರೆ ಅದೊಂದರಿಂದಲೇ ಔಷಧದ ಪ್ರಮಾಣ ಮುಟ್ಟೋದು ಕಷ್ಟ.

ಬಿಡಿಗಾಸೂ ಬೇಡದ ಮದ್ದು

ಎಲ್ಲಕ್ಕಿಂತ ಅಗ್ಗದ್ದು ತೂಕ ಇಳಿಸೋದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಕಾಲುಭಾಗ ಕಡಿಮೆ ಊಟ ಹಾಕಿ ಸಾಯುವತನಕ ನೋಡಿದರು. 2002ರ ವರದಿ ಪ್ರಕಾರ ಕಡಿಮೆ ತಿಂದವು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಅವಕ್ಕೆ ಕೀಲುನೋವಿನ ಚಿಕಿತ್ಸೆ ಬೇಕಾದದ್ದೂ ತಡವಾಗಿ. ನಮ್ಮಲ್ಲಿ ಅಜ್ಜಿ ಕೈಯಿಂದ ಒಂದು ಗ್ಲೂಕೋಸ್ ಬಿಸ್ಕತ್ತು, ಮೊಮ್ಮಗನ ಕೈಯಿಂದ ಇನ್ನೊಂದು, ಪಕ್ಕದ ಮನೆಯವರ ಬನ್ನು ಬೇರೆ! ನುಣುಪು ಟೈಲ್ಸ್ ಮೇಲೆ ಗೋಣಿಚೀಲ ಹಾಸಿದರೆ ಕಾಲು ಜಾರೋದಿಲ್ಲ. ಹಲಸೂರು ಕೆರೆ ಕಡೆ ಒಂದೇ ಸಲ ದೊಡ್ಡ ಸುತ್ತಿನ ಬದಲು ದಿನಕ್ಕೆ ಮೂರು ಸಣ್ಣ ಸುತ್ತು ಸಾಕು.

ಇಷ್ಟೆಲ್ಲಾ ಯಜಮಾನ ಇರುವ ನಾಯಿಗಳ ಮಾತಾಯಿತು. ಬಿಬಿಎಂಪಿಯ 2023ರ ಗಣತಿಯಂತೆ ನಗರದ ಬೀದಿನಾಯಿಗಳು 2,79,335. ಕೆ.ಆರ್.ಪುರ ಸೇರಿದ ಮಹದೇವಪುರ ವಲಯದ್ದೇ ಹೆಚ್ಚು. ಅವುಗಳಲ್ಲೂ ಮುದಿಯಾಗಿ ಹಿಂಗಾಲು ಎಳೆಯುವವು ಇವೆ. ಅವಕ್ಕೆ ಡಬ್ಬಿಯೂ ಇಲ್ಲ, ಚೀಟಿಯೂ ಇಲ್ಲ. ಶಟರ್ ಎಳೆಯುವ ಹೊತ್ತಿಗೆ ಅಂಗಡಿ ಮುಂದೆ ಯಾರಾದರೂ ಒಂದು ಹಳೇ ಗೋಣಿಚೀಲ ಬಿಟ್ಟುಹೋದರೆ ಅಂಥ ನಾಯಿಗೆ ಡಿಸೆಂಬರಿನ ಚಳಿಯಲ್ಲಿ ಸಿಮೆಂಟು ನೆಲದ ಮೇಲೆ ಮಲಗೋದು ತಪ್ಪುತ್ತದೆ.